ಹೋದ ಹಣದ ಬೆನ್ನು ಹತ್ತಬೇಡಿ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಜೂಜು ಕೆಟ್ಟದ್ದೆಂದು ಉಪದೇಶ ಮಾಡಲು ನಾನು ಇಲ್ಲಿ ನಿಂತಿಲ್ಲ. ಅದು ಕೆಟ್ಟದ್ದೆಂಬುದು ಆಡುವವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನಿಗೆ ಕಾಣದಿರುವುದು ಹೊರಗೆ ಬರುವ ದಾರಿ. ಆ ದಾರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಬೇರೂರಿರುವ ಓಸಿ ಆಟದ ಹೆಸರು ಹತ್ತಿಯ ಪೇಟೆಯಿಂದ ಬಂದದ್ದು. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಧಾರಣೆ, ಮುಕ್ತಾಯದ ಧಾರಣೆ, ಅಂದರೆ ಓಪನ್ ಮತ್ತು ಕ್ಲೋಸ್, ತಂತಿಯ ಮೂಲಕ ಮುಂಬಯಿಗೆ ಬರುತ್ತಿದ್ದವು. ಜನ ಅವುಗಳ ಮೇಲೆ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ಪದ್ಧತಿ ನಿಂತಿತು. ಆಟ ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಎಂಬವರು ಮುಂಬಯಿಯಲ್ಲಿ ತಾವೇ ಅಂಕಿ ತೆಗೆಯುವ ಮಟಕಾ ನಡೆಸಿದರು. ಅಲ್ಲಿನ ಗಿರಣಿ ಕೆಲಸಗಾರರೇ ಅದರ ದೊಡ್ಡ ಗಿರಾಕಿಗಳು. ಹತ್ತಿ ನೂತವನ ಕೂಲಿಯನ್ನು ಹತ್ತಿಯ ಹೆಸರಿನ ಆಟವೇ ನುಂಗಿತು.

00ಯಿಂದ 99ರವರೆಗೆ ಒಟ್ಟು ನೂರು ಜೋಡಿ ಅಂಕಿಗಳು. ಪೋಲೀಸರು ಹಿಡಿದ ಎಷ್ಟೋ ಮೊಕದ್ದಮೆಗಳಲ್ಲಿ "ಒಂದು ರೂಪಾಯಿಗೆ 80 ರೂಪಾಯಿ" ಎಂಬ ಮಾತು ಬರುತ್ತದೆ. ಒಬ್ಬನು ನೂರು ಅಂಕಿಗಳ ಮೇಲೂ ಒಂದೊಂದು ರೂಪಾಯಿ ಕಟ್ಟಿದನೆನ್ನಿ. ಅವನು ಗೆಲ್ಲುವುದು ಖಂಡಿತ. ಕೊಟ್ಟದ್ದು 100, ಬಂದದ್ದು 80. ಖಂಡಿತವಾಗಿ ಗೆದ್ದವನೇ 20 ರೂಪಾಯಿ ಕಳೆದುಕೊಂಡ ಮೇಲೆ, ಒಂದು ಅಂಕಿ ಕಟ್ಟಿ ಕಾಯುವವನ ಪಾಡೇನು? "ನಾನು 47 ಕಟ್ಟಿದ್ದೆ, 46 ಬಂತು, ಕೂದಲೆಳೆಯಲ್ಲಿ ತಪ್ಪಿತು" ಎಂದು ಅವನು ಹಲುಬುತ್ತಾನೆ. 47 ಕಟ್ಟಿದವನಿಗೆ 46 ಬಂದರೂ ಒಂದೇ, 03 ಬಂದರೂ ಒಂದೇ. ಹತ್ತು ದಿನ ಸೋತವನಿಗೆ ಹನ್ನೊಂದನೆಯ ದಿನ ಗೆಲುವು ಕೊಡಬೇಕೆಂಬ ಋಣ ಯಾವ ಅಂಕಿಗೂ ಇಲ್ಲ.

ಶಾಸನಗಳು ಬಂದಿವೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿಯನ್ನು ನಿಲ್ಲಿಸಿದರು. ಆಮೇಲೆ ಜೂಜು ಮೊಬೈಲಿಗೆ ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನಿನಲ್ಲಿ ಹಣವಿಟ್ಟು ಆಡಿಸುವ ಆಟಗಳ ವಿರುದ್ಧ ಶಾಸನ ಮಾಡಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಒಳ್ಳೆಯದೇ. ಆದರೆ ಒಂದು ಬಾಗಿಲು ಮುಚ್ಚಿದರೆ ಗೀಳು ಇನ್ನೊಂದು ಬಾಗಿಲು ಹುಡುಕುತ್ತದೆ. ಹೌದು, ಇದು ಗೀಳು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಜೂಜನ್ನು ಕುಡಿತ ಮೊದಲಾದ ಚಟಗಳ ಸಾಲಿಗೇ ಸೇರಿಸಿತು. ಕಳೆದ ಹಣವನ್ನು ಆಟದಿಂದಲೇ ಹಿಂದಕ್ಕೆ ತರುತ್ತೇನೆಂದು ಮರುದಿನ ಮತ್ತೆ ಹೋಗುವುದು, ಮನೆಯಲ್ಲಿ ಸುಳ್ಳು ಹೇಳುವುದು, ಇವು ಅದರ ಲಕ್ಷಣಗಳು. ಹೋದ ಹಣ ಹೋಯಿತು. ಅದರ ಬೆನ್ನು ಹತ್ತುವುದೇ ರೋಗದ ಬೇರು. ಈ ಒಂದು ಮಾತು ಮನಸ್ಸಿಗೆ ನಾಟಿದರೆ ಅರ್ಧ ದಾರಿ ನಡೆದ ಹಾಗೆ.

ಉಳಿದ ಅರ್ಧವನ್ನು ಹೇಗೆ ನಡೆಯುವುದು?

ಒಂದು: ಒಂದು ಕಾಗದದ ಮೇಲೆ ಎಲ್ಲ ಸಾಲವನ್ನೂ ಬರೆಯಿರಿ. ಬಡ್ಡಿಯವನದು, ಅಡವಿಟ್ಟ ಬಂಗಾರ, ಕಿರಾಣಿ ಅಂಗಡಿಯ ಬಾಕಿ, ಜೊತೆಗಾರರ ಕೈಸಾಲ, ಮೊಬೈಲಿನಲ್ಲಿ ತೆಗೆದ ಸಾಲ. ಅದನ್ನು ಹೆಂಡತಿಯ ಮುಂದೆ ಅಥವಾ ತಾಯಿಯ ಮುಂದೆ ಇಡಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ, ಆ ಮುಚ್ಚಿಟ್ಟ ಅರ್ಧವೇ ಮತ್ತೆ ಆಟಕ್ಕೆ ಎಳೆಯುತ್ತದೆ.

ಎರಡು: ಹಣ ನಿಮ್ಮ ಕೈಗೆ ಸಿಗದಂತೆ ಮಾಡಿ. ಸಂಬಳ ಬ್ಯಾಂಕಿಗೆ ಬರುತ್ತದೆ. ಎಟಿಎಂ ಕಾರ್ಡನ್ನು ಮನೆಯವರ ವಶಕ್ಕೆ ಕೊಡಿ. ಹಣ ಕಳಿಸುವ ಆ್ಯಪ್‌ಗಳನ್ನು ತೆಗೆದುಹಾಕಿ, ಕೆಲವು ತಿಂಗಳು ಬಟನ್ ಫೋನ್ ಸಾಕು. ಬಸ್ಸಿಗೆ, ಚಹಕ್ಕೆ ದಿನದ ಖರ್ಚು ಕೇಳಿ ಪಡೆಯಿರಿ. ಇದರಲ್ಲಿ ಅವಮಾನವಿಲ್ಲ, ಕಾಲು ಮುರಿದವನು ಊರುಗೋಲು ಹಿಡಿಯುವುದಿಲ್ಲವೆ? ವರ್ತಕ ಮಿತ್ರರೆ, ಗಲ್ಲಾದಲ್ಲಿರುವ 5,000 ರೂ. ನಿಮ್ಮದಲ್ಲ. ಅದರಲ್ಲಿ 4,500 ಸಗಟು ವ್ಯಾಪಾರಿಗೆ ಸೇರಬೇಕಾದದ್ದಿದ್ದರೆ, ಅದನ್ನು ಅಂದೇ ಬೇರೆ ಚೀಲಕ್ಕೆ ಹಾಕಿ ಮನೆಯವರ ಕೈಗೆ ಕೊಡಿ. ಅಂಗಡಿ ಮುಳುಗುವುದು ಲಾಭ ಕಳೆದಾಗಲ್ಲ, ಬಂಡವಾಳಕ್ಕೆ ಕೈ ಹಾಕಿದಾಗ.

ಮೂರು: ಅತಿ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿ. 30,000 ರೂ. ಸಾಲಕ್ಕೆ ನೂರಕ್ಕೆ ತಿಂಗಳಿಗೆ ಹತ್ತರಂತೆ ಬಡ್ಡಿ ಕಟ್ಟಿದರೆ ವರ್ಷಕ್ಕೆ 36,000 ರೂ. ಆಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಅದೇ ಸಾಲ ಸಹಕಾರ ಸಂಘದಲ್ಲಿ ವರ್ಷಕ್ಕೆ ಶೇಕಡಾ 12ರಂತೆ ಸಿಕ್ಕರೆ ಬಡ್ಡಿ 3,600. ವ್ಯತ್ಯಾಸವಾದ 32,400 ರೂಪಾಯಿಯಲ್ಲಿ ಅಸಲೇ ತೀರುತ್ತದೆ. ಆದರೆ ಎಚ್ಚರಿಕೆ: ಆಟ ನಿಂತು ಕೆಲವು ತಿಂಗಳಾಗದೆ ಹೊಸ ಸಾಲ ತರಬಾರದು. ತಂದರೂ ಹಣ ಆಡಿದವನ ಕೈಗೆ ಹೋಗದೆ, ಮನೆಯವರ ಮೂಲಕ ಸಾಲಗಾರನಿಗೆ ಸಂದಾಯವಾಗಿ ರಸೀದಿ ಬರಬೇಕು. ಉಳಿದವರ ಬಳಿಗೆ ನೀವಾಗಿಯೇ ಹೋಗಿ, ತಿಂಗಳಿಗೆ ಇಷ್ಟು ಕೊಡುತ್ತೇನೆಂದು ಹೇಳಿ, ಕೊಡಿ. 200 ರೂಪಾಯಿಯಾದರೂ ಹೇಳಿದ ದಿನ ಕೊಟ್ಟರೆ ಹೋದ ಮಾನ ಹಿಂದಕ್ಕೆ ಬರುತ್ತದೆ.

ಕಾನೂನನ್ನೂ ತಿಳಿದಿರಿ. 1872ರ ಕರಾರು ಶಾಸನದ 30ನೆಯ ಪ್ರಕರಣದಂತೆ ಪಣದ ಒಪ್ಪಂದ ಅಸಿಂಧು. ಗೆದ್ದ ಪಣ ಕೊಡಿಸಿರೆಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. ಮಿತಿಮೀರಿದ ಬಡ್ಡಿಯ ವಿರುದ್ಧ 2004ರ ರಾಜ್ಯ ಶಾಸನವಿದೆ. ಮನೆ ಬಾಗಿಲಿಗೆ ಬಂದು ಬೆದರಿಸಿ ವಸೂಲಿ ಮಾಡುವವರ ವಿರುದ್ಧ 2025ರಲ್ಲಿ ಕರ್ನಾಟಕದಲ್ಲಿ ಕಿರುಸಾಲದ ಕಾನೂನು ಬಂದಿದೆ. ಹತ್ತು ವರ್ಷದವರೆಗೆ ಸೆರೆ, 5 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಹೆದರಿ ಊರು ಬಿಡಬೇಡಿ. ನಾಲ್ಕು ಜನರನ್ನು ಕರೆದುಕೊಂಡು ಠಾಣೆಗೆ ಹೋಗಿ. ಆದರೆ ಸ್ನೇಹಿತ ನಂಬಿ ಕೊಟ್ಟ ಕೈಸಾಲ ಸಾಲವೇ. ಅದನ್ನು ತೀರಿಸಲೇಬೇಕು.

ಈಗ ಮನೆಯವರಿಗೆ ಒಂದು ಮಾತು. ಮಗ ಜೂಜಿನಲ್ಲಿ ಮುಳುಗಿದನೆಂದು ತಂದೆ ಹೊಲ ಮಾರಿ ಸಾಲ ತೀರಿಸುತ್ತಾನೆ. ವರ್ಷದೊಳಗೆ ಮತ್ತೆ ಅಷ್ಟೇ ಸಾಲ. ಮಹಾಭಾರತವನ್ನು ನೆನೆಯಿರಿ. ಧರ್ಮರಾಯ ಸೋತದ್ದು ಒಂದು ಸಲ ಅಲ್ಲ. ಮೊದಲ ದ್ಯೂತದಲ್ಲಿ ಹೋದದ್ದೆಲ್ಲವನ್ನೂ ಧೃತರಾಷ್ಟ್ರ ಹಿಂದಕ್ಕೆ ಕೊಟ್ಟ. ದಾರಿಯಿಂದ ಮತ್ತೆ ಕರೆ ಬಂದೊಡನೆ ಧರ್ಮರಾಯ ತಿರುಗಿ ಬಂದು ಕೂತ. ವನವಾಸ ಬಂದದ್ದು ಆ ಎರಡನೆಯ ಆಟದಿಂದ. ಸಾಲ ತೀರಿದ ಮಾತ್ರಕ್ಕೆ ಚಟ ತೀರುವುದಿಲ್ಲ. ಆದಕಾರಣ ಅವನಿಗೆ ಹಣ ಕೊಡಬೇಡಿ, ಊಟ ಕೊಡಿ. ಬೈಗುಳ ಬೇಡ, ಲೆಕ್ಕ ಕೇಳಿ. ಬದುಕು ಬೇಡವಾಯಿತೆಂದು ಅವನು ಆಡಿದರೆ ಅದನ್ನು ನಾಟಕವೆಂದು ತಳ್ಳಬೇಡಿ. ಅವನನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರಲ್ಲಿ ಆರಂಭವಾಯಿತು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೆಂದೇ ವಿಭಾಗವಿದೆ.

ಆಟ ಬಿಟ್ಟವನು ಒಂದು ದಿನ ಜಾರಬಹುದು. ಜಾರಿದರೆ ಎಲ್ಲ ಮುಗಿಯಿತೆಂದಲ್ಲ. ಅದೇ ಸಂಜೆ ಮನೆಯಲ್ಲಿ ಹೇಳಿದರೆ 100 ರೂಪಾಯಿಯ ನಷ್ಟಕ್ಕೆ ನಿಲ್ಲುತ್ತದೆ. ಮುಚ್ಚಿಟ್ಟರೆ ಅದು ಹತ್ತು ಸಾವಿರವಾಗುತ್ತದೆ.

ಕೊನೆಯದಾಗಿ, ಇದು ಒಬ್ಬೊಬ್ಬನೇ ಹೊರಬೇಕಾದ ಹೊರೆಯಲ್ಲ. 1957ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜೂಜಿನಿಂದ ಕೆಟ್ಟವರೇ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಆರಂಭವಾಯಿತು. ಅದು ಹಲವು ದೇಶಗಳಿಗೆ ಹಬ್ಬಿತು. ಅದಕ್ಕೆ ಬೇಕಾದದ್ದು ಒಂದು ಚಾಪೆ, ನಾಲ್ಕು ಕುರ್ಚಿ, ಕೇಳಿದ್ದನ್ನು ಹೊರಗೆ ಆಡದ ನಾಲಗೆ. ಅಷ್ಟು ನಮ್ಮಲ್ಲಿಲ್ಲವೆ? ಬರುವ ಬಟವಾಡೆಯ ದಿನ ಗಿರಣಿಯ ಬಾಗಿಲಲ್ಲಿ ಚೀಟಿ ಬರೆಯುವವನು ಕಾದಿರುತ್ತಾನೆ. ಅವನಿಗಿಂತ ಮುಂಚೆ ನಾವು ಅಲ್ಲಿರೋಣ. ಚಟ ಬಿಡಬೇಕೆಂದಿರುವ ಗೆಳೆಯನ ಜೊತೆ ಅವನ ಮನೆಯವರೆಗೆ ನಡೆದುಹೋಗೋಣ. ಆ ದಿನದ ಸಂಬಳ ಪೂರಾ ಮನೆ ಸೇರಿದರೆ ಅದೇ ಅವನ ಮೊದಲ ಗೆಲುವು.