ಗೇಣಿಯ ಕೊಳಗ, ಮತದ ಪೆಟ್ಟಿಗೆ



ನಾಸಿಕದ ಕಾರ್ಖಾನೆಗಳ ಊರಾದ ಸಾತಪುರದಲ್ಲಿ, ಕನ್ನಡಿಗರೂ ಮರಾಠಿಗರೂ ಸೇರಿರುವ ಈ ಸಮ್ಮೇಳನದಲ್ಲಿ ನಿಂತು ಬೇಸಾಯದ ಮಾತೆತ್ತುವುದಕ್ಕೆ ಕಾರಣವಿದೆ. ಹೊಸದಾಗಿ ಸ್ವತಂತ್ರವಾದ ದೇಶಗಳಲ್ಲಿ ಪ್ರಜಾಪ್ರಭುತ್ವದ ಹಣೆಬರಹವನ್ನು ಬರೆದದ್ದು ರಾಜಧಾನಿಗಿಂತ ಹೆಚ್ಚಾಗಿ ಹಳ್ಳಿ ಎಂಬುದು ನನ್ನ ವಾದ. ಅನ್ನಕ್ಕಾಗಿ ಇನ್ನೊಬ್ಬರ ನೆಲ ನಂಬಿದವರು ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕಿ, ಮರುದಿನವೂ ಅದೇ ಊರಲ್ಲಿ ಬಾಳಬಲ್ಲರೇ? ಸಂವಿಧಾನದ ಸತ್ವಪರೀಕ್ಷೆ ನಡೆಯುವುದು ಅಲ್ಲಿ.

1951ರ ಏಪ್ರಿಲ್‌ನಲ್ಲಿ, ದೇಶದ ಮೊದಲ ಮಹಾಚುನಾವಣೆಗೆ ಕೆಲವೇ ತಿಂಗಳು ಮುಂಚೆ, ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಹೆಚ್ಚಿನವರು ದೀವರ ಸಮುದಾಯದವರು. ಜಗಳ ಹತ್ತಿದ್ದು ಕೊಳಗದ ಮೇಲೆ: ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದದ್ದು ಸರ್ಕಾರ ಒಪ್ಪಿದ ಅಳತೆಗಿಂತ ದೊಡ್ಡ ಕೊಳಗ. ಅದನ್ನು ಒಪ್ಪದವರನ್ನು ಗದ್ದೆಗೆ ಇಳಿಯಗೊಡಲಿಲ್ಲ. ಹಟ ಹಿಡಿದು ಇಳಿದವರು ಜೈಲು ಸೇರಿದರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಆಗ ನೆಲ ದಕ್ಕಲಿಲ್ಲ. ಆದರೆ 1952ರಲ್ಲಿ ಅದೇ ಸೀಮೆ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ನೆಲಕ್ಕಾಗಿ ಮುಖ್ಯಮಂತ್ರಿ ದೇವರಾಜ ಅರಸರ 1974ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆ ಕಾನೂನು ನಡೆದ ರೀತಿಯೂ ಅದರ ಫಲದಷ್ಟೇ ಮುಖ್ಯವೆಂದು ನನಗೆ ತೋರುತ್ತದೆ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಬರಬೇಕಿತ್ತು; ಮಂಡಳಿಯಲ್ಲಿ ಅಧಿಕಾರಿಯ ಜೊತೆ ಸಾರ್ವಜನಿಕ ಸದಸ್ಯರೂ ಇರುತ್ತಿದ್ದರು; ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ತಲೆತಗ್ಗಿಸಿ ನಿಲ್ಲುತ್ತಿದ್ದ ಒಕ್ಕಲು ಧಣಿಯ ಎದುರಿಗೇ ಬಾಯಿಬಿಟ್ಟು ಹಕ್ಕು ಕೇಳಿದ್ದು ಅಲ್ಲಿ.

ಪಕ್ಕದ ಪಾಕಿಸ್ತಾನವನ್ನು ನೋಡಿ. ಅಲ್ಲಿ 1959ರಲ್ಲಿ ಸೇನಾ ಆಡಳಿತಗಾರ ಅಯೂಬ್ ಖಾನ್ ಗೊತ್ತುಮಾಡಿದ ಭೂಮಿತಿ ನೀರಾವರಿ ಜಮೀನಿಗೆ 500 ಎಕರೆ, ಖುಷ್ಕಿಗೆ 1000 ಎಕರೆ. ಅದೂ ಕುಟುಂಬಕ್ಕಲ್ಲ, ತಲೆಗೆ. ಜಮೀನು ಮನೆಯವರ ಹೆಸರಿಗೆ ಹಂಚಿಹೋಯಿತು, ಒಡೆತನ ಉಳಿಯಿತು. ವಯಸ್ಕ ಮತದಾನದ ಮೊದಲ ರಾಷ್ಟ್ರೀಯ ಚುನಾವಣೆ ನಡೆದದ್ದು 1970ರಲ್ಲಿ. ಹಾಗಾದರೆ ತೈವಾನ್? ಅಲ್ಲಿ 1950ರ ದಶಕದಲ್ಲೇ ಉಳುವವರಿಗೆ ನೆಲ ಸಿಕ್ಕಿತು, ಸೇನಾ ಕಾನೂನು ಮಾತ್ರ 1987ರವರೆಗೆ ತೊಲಗಲಿಲ್ಲ ಎಂದು ಕೇಳುವವರಿದ್ದಾರೆ. ನಿಜ. ನೆಲ ಹಂಚಿದ ಮಾತ್ರಕ್ಕೆ ಪ್ರಜಾಪ್ರಭುತ್ವ ಬರುವುದಿಲ್ಲ. ಬಂದಾಗ ಅದನ್ನು ಊರೊಡೆಯನ ಜೇಬಿಗೆ ಬೀಳದಂತೆ ಕಾಯುವುದು ನೆಲದ ಹಕ್ಕು. ನಾನು ಹೇಳುತ್ತಿರುವುದು ಇಷ್ಟೇ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಗೇಣಿದಾರ ಒಡೆಯನಾದ, ಸರಿ. ಗೇಣಿಗೂ ನೆಲ ಸಿಗದಿದ್ದ ದಲಿತರಿಗೆ ಏನು ಸಿಕ್ಕಿತು? ಹಳ್ಳಿಯನ್ನು ಆದರ್ಶವಾಗಿ ಕಾಣುವವರನ್ನು ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲೇ ಕಟುವಾಗಿ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಹೋರಾಟವಾಗಿಸಿದವರು ಇದೇ ನಾಸಿಕ ಜಿಲ್ಲೆಯ ದಾದಾಸಾಹೇಬ ಗಾಯಕವಾಡರು. 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹಕ್ಕೆ ನಿಂತವರು, 1959ರಲ್ಲೂ 1964ರಲ್ಲೂ ಭೂಹೀನರಿಗಾಗಿ ಸತ್ಯಾಗ್ರಹ ನಡೆಸಿದರು. 2018ರ ಮಾರ್ಚ್‌ನಲ್ಲಿ ನಾಸಿಕದಿಂದ ಮುಂಬೈಗೆ ಸುಮಾರು 180 ಕಿಲೋಮೀಟರ್ ನಡೆದ ರೈತರಲ್ಲಿ ಬಹುಪಾಲು ಆದಿವಾಸಿಗಳು. ಉಳುತ್ತಿದ್ದ ಅರಣ್ಯಭೂಮಿಯ ಹಕ್ಕುಪತ್ರ ಅವರ ಮುಖ್ಯ ಬೇಡಿಕೆ. ಹತ್ತನೇ ತರಗತಿಯ ಮಕ್ಕಳ ಪರೀಕ್ಷೆಗೆ ತೊಂದರೆಯಾಗಬಾರದೆಂದು, ಬೊಬ್ಬೆಯೆದ್ದ ಕಾಲಲ್ಲೇ ರಾತ್ರಿ ನಡೆದು ಅವರು ಆಜಾದ್ ಮೈದಾನ ಸೇರಿದರು. ಇದಕ್ಕಿಂತ ದೊಡ್ಡ ಪೌರಪ್ರಜ್ಞೆಯನ್ನು ನಾನರಿಯೆ. ಭೂಹೀನರ ಈ ಆಕ್ಷೇಪ ಭೂಸುಧಾರಣೆಯನ್ನು ಅಲ್ಲಗಳೆಯುವುದಿಲ್ಲ. ಅರ್ಧಕ್ಕೆ ನಿಂತಿದೆ ಎನ್ನುತ್ತದೆ.

ಹಳ್ಳಿಯ ಕಾಲ ಮುಗಿಯಿತು ಎನ್ನುವವರಿಗೆ ಈರುಳ್ಳಿ ಮಂಡಿಯ ಊರು ಲಾಸಲಗಾಂವ್ ದೂರವಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದಾಗ ಅಲ್ಲಿನ ಹರಾಜು ನಿಂತುಹೋಯಿತು. ಡಿಸೆಂಬರಿನಲ್ಲಿ ಬಂದ ರಫ್ತು ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ, ಚುನಾವಣೆಯ ನಡುವೆ. ಈರುಳ್ಳಿ ಸೀಮೆಯಾದ ದಿಂಡೋರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಸೋತರು. ಸೋಲಿಗೆ ಈರುಳ್ಳಿಯೊಂದೇ ಕಾರಣವಲ್ಲದಿರಬಹುದು. ಆದರೆ ಸ್ವಂತ ನೆಲವಿದ್ದವರ ಸಿಟ್ಟನ್ನು ದಿಲ್ಲಿ ಕಡೆಗಣಿಸಲಾರದು. ಆ ಈರುಳ್ಳಿ ಕಿತ್ತು, ಸೊಪ್ಪು ಕೊಯ್ದು ರಾಶಿ ಹಾಕುವ ಕೂಲಿ ಹೆಂಗಸರ ಸಿಟ್ಟಿಗೆ ಆ ಬಲ ಇನ್ನೂ ಬಂದಿಲ್ಲ.

ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆದಿದೆ. ಗೇಣಿದಾರರಿಗೆ ದಕ್ಕಿದ ನೆಲ ಮತ್ತೆ ಕೈಬಿಡಬಹುದು. ಆದ್ದರಿಂದ ಈ ಸಮ್ಮೇಳನ ಅಲ್ಲಿನ ಸರ್ಕಾರವನ್ನು ಒಂದು ಲೆಕ್ಕ ಕೇಳಲಿ: ಫಾರಂ 7 ತುಂಬಿ ನೆಲ ಪಡೆದ ಕುಟುಂಬಗಳಲ್ಲಿ ಎಷ್ಟರ ಪಹಣಿ ಇಂದಿಗೂ ಅವರ ಹೆಸರಿನಲ್ಲಿದೆ, ಅದರಲ್ಲಿ ಹೆಣ್ಣುಮಕ್ಕಳ ಹೆಸರೆಷ್ಟು? ಲೆಕ್ಕ ತಾಲ್ಲೂಕುವಾರು ಬರಲಿ, ಸಾಗರದಿಂದಲೇ ಶುರುವಾಗಲಿ.