ಕುಡಗೋಲು ಹಿಡಿಯುವ ಕೈಗಳ ರಕ್ಷಣೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆನಾಶಕ ಸಿಂಪಡಿಸಬೇಡಿ, ಕೈಯಿಂದಲೇ ಕಳೆ ತೆಗೆಯಿರಿ ಎಂದು ನಾವು ಊರೂರುಗಳಲ್ಲಿ ಹೇಳುತ್ತ ಬಂದಿದ್ದೇವೆ. ಹಾಗೆ ಹೇಳುವವರ ಮೇಲೆ ಆ ಕೆಲಸ ಮಾಡುವ ಕೈಗಳ ಹೊಣೆಯೂ ಇದೆ. ಮಲೆನಾಡಿನಿಂದ ಬಹುದೂರದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳಿಂದ ಈ ಮಾತನ್ನು ಆರಂಭಿಸುತ್ತೇನೆ. ಅಲ್ಲಿಯ ಪಾಠ ನಿಮ್ಮ ಹಿತ್ತಲಿಗೂ ತೋಟಕ್ಕೂ ಸಲ್ಲುತ್ತದೆ.

ಅದು ಕಪ್ಪುಮಣ್ಣಿನ ಬಯಲು. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ತೊಗರಿಯ ನೆಲ. ಮಳೆಗಾಲದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕುರ್ಪಿಯಿಂದ ಕಸ ತೆಗೆಯುತ್ತಾರೆ. ಡಿಸೆಂಬರ್–ಜನವರಿಯಲ್ಲಿ ತೊಗರಿಯ ಕೊಯ್ಲು, ಆನಂತರ ಬಿಳಿಜೋಳದ್ದು. ಭೀಮಾ ತೀರದಲ್ಲಿ ಕಬ್ಬಿನ ಕಟಾವು. ಕೊಯ್ಲಿನ ಯಂತ್ರಗಳು ಬಂದಿದ್ದರೂ ಕುಡಗೋಲು, ಕೊಯ್ತಾ, ಕೊಡಲಿಗಳು ಮೂಲೆ ಸೇರಿಲ್ಲ. ಸುಗ್ಗಿಯಲ್ಲಿ ಕೂಲಿ ಹೆಣ್ಣುಮಗಳ ಬೆರಳು ಕೊಯ್ದುಕೊಂಡರೆ ಅದು ಬರಿಯ ಗಾಯವಲ್ಲ, ವರ್ಷದ ದುಡಿಮೆಯ ದಿನಗಳೇ ಕೈತಪ್ಪಿದಂತೆ.

ಹರಿತವಾದ ಅಲಗೇ ಅಪಾಯವೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಮೊಂಡು ಅಲಗು ಹೆಚ್ಚು ಅಪಾಯಕಾರಿ. ಎಡಗೈ ದಂಟನ್ನು ಹಿಡಿದಿರುತ್ತದೆ, ಬಲಗೈ ಕುಡಗೋಲನ್ನು ಮೈಯತ್ತ ಎಳೆಯುತ್ತದೆ. ಅಲಗು ಮೊಂಡಾಗಿದ್ದರೆ ಬಲ ಹೆಚ್ಚು ಬೇಕು. ಬಲ ಹೆಚ್ಚಿದಾಗ ಅಲಗು ಜಾರಿ ಎಡಗೈ ಬೆರಳಿಗೋ ಮೊಣಕಾಲಿಗೋ ತಗಲುತ್ತದೆ. ಸಡಿಲಗೊಂಡ ಹಿಡಿಯೂ ಅಷ್ಟೇ ಕೆಡುಕು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ನವೀನ್’ ಕುಡಗೋಲಿಗೆ ಹಲ್ಲಿನ ಅಲಗಿದೆ. ಕೈಗೆ ಪೆಟ್ಟಾಗದಂತೆ ಅದರ ಹಿಡಿಯನ್ನು ಬಾಗಿಸಲಾಗಿದೆ.

ಅನುಸರಿಸಬೇಕಾದ ಕ್ರಮಗಳು ಕಷ್ಟದವಲ್ಲ. ಕೆಲಸಕ್ಕೆ ಮುನ್ನ ಹಿಡಿಯನ್ನು ಅಲುಗಿಸಿ ನೋಡಿರಿ. ಪಕ್ಕದವರಿಂದ ಅಲಗು ತಾಗದಷ್ಟು ದೂರವಿರಿ. ಹತಾರವನ್ನು ಎಸೆಯಬೇಡಿ; ನೆಲದ ಮೇಲಿಟ್ಟು, ಇನ್ನೊಬ್ಬರು ತೆಗೆದುಕೊಳ್ಳಲಿ. ಟ್ರ್ಯಾಕ್ಟರಿನಲ್ಲಿ ಜನರೊಡನೆ ಒಯ್ಯುವಾಗ ಅಲಗಿಗೆ ಗೋಣಿತಟ್ಟು ಅಥವಾ ಸೀಳಿದ ಹಳೆಯ ಟ್ಯೂಬು ಸುತ್ತಿರಿ. ನಿಮ್ಮಲ್ಲಿ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸುವ ರೂಢಿಯಿದೆ. ಇಳಿಜಾರಿನಲ್ಲಿ ಎರಡೂ ಕೈ ಬಿಡುವಾಗಿರಲೆಂಬ ವಿವೇಕ ಅದರಲ್ಲಿದೆ. ಆದರೆ ಮಳೆಯಲ್ಲಿ ಒದ್ದೆಯಾದ ಹಿಡಿ ಜಾರುತ್ತದೆ, ಒರೆಸದೆ ಬೀಸಬೇಡಿ.

ತೊಗರಿ ಕೊಯ್ದ ಹೊಲದಲ್ಲಿ ಇನ್ನೊಂದು ಅಲಗು ಉಳಿದಿರುತ್ತದೆ. ಓರೆಯಾಗಿ ಕತ್ತರಿಸಿದ ಗಟ್ಟಿ ಕೂಳೆ ಮೊಳೆಯಂತೆ ನಿಂತು ಬರಿಗಾಲಿಗೆ ನಾಟುತ್ತದೆ. ಕೊಯ್ಯುವವರ ಕಾಲಿಗೆ ಗಟ್ಟಿ ಅಡಿಯ ಪಾದರಕ್ಷೆ ಬೇಕು. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಗಳಲ್ಲಿ ವಾಸಿಸುವುದರಿಂದ ಇಂತಹ ಆಳವಾದ ಸಣ್ಣ ಗಾಯವನ್ನು ಕಡೆಗಣಿಸಬಾರದು. ನಮ್ಮ ದೇಶವು 2015ರಲ್ಲಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿತೆಂದು ಘೋಷಿಸಲಾಯಿತು. ಆದರೆ ರೋಗಾಣು ಮಣ್ಣಿನಿಂದ ಹೋಗಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವಲ್ಲವಾದ್ದರಿಂದ, ನೆರೆಯವರ ಲಸಿಕೆ ನಮ್ಮನ್ನು ಕಾಯದು. ವಿದ್ಯಾರ್ಥಿಗಳೇ, 10 ಮತ್ತು 16ನೆಯ ವಯಸ್ಸಿನ ಟಿ.ಡಿ. ಲಸಿಕೆಯನ್ನು ತಪ್ಪಿಸಬೇಡಿ. ಹಿರಿಯರು ಗಾಯವಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.

ಗಾಯಕ್ಕೆ ಸುಣ್ಣ, ತಂಬಾಕು, ಕಾಫಿಪುಡಿ ಮೆತ್ತಬೇಡಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ. ಸಣ್ಣ ಗಾಯವಾದರೆ ಸೋಪು, ನೀರಿನಿಂದ ತೊಳೆಯಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆಯಾದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಡನೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. 108ಕ್ಕೆ ಕರೆ ಮಾಡಿರಿ.

ಕೊನೆಯದಾಗಿ, ಎಚ್ಚರಿಕೆಯ ಭಾರವನ್ನೆಲ್ಲ ಕೂಲಿಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಗುತ್ತಿಗೆಯ ಲೆಕ್ಕದಲ್ಲಿ ಎಕರೆಗಿಷ್ಟು, ಟನ್ನಿಗಿಷ್ಟು ಎಂದಾಗ ಅವಸರ ತಾನಾಗಿಯೇ ಬರುತ್ತದೆ. ಹತಾರ ಮಸೆಯಲು ನಿಂತವರಿಗೆ ಆ ಹೊತ್ತಿನ ಕೂಲಿ ಇಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2001ರಲ್ಲಿ ಅಂಗೀಕರಿಸಿದ ಕೃಷಿ ಸುರಕ್ಷತೆಯ ಒಡಂಬಡಿಕೆ ಕೈ ಹತಾರಗಳನ್ನೂ ಒಳಗೊಂಡಿದೆ. ಕೆಲಸಕ್ಕೆ ಕರೆಯುವವರು ಸಾಣೆಕಲ್ಲು, ಕುಡಿಯುವ ನೀರು, ಶುಚಿ ಬಟ್ಟೆಗಳನ್ನು ಹೊಲಕ್ಕೆ ಒಯ್ಯಲಿ. ಮಸೆಯುವ ಹೊತ್ತನ್ನೂ ಕೂಲಿಯೊಳಗೆ ಎಣಿಸಲಿ. ಬರುವ ಸುಗ್ಗಿಗೆ ಮುನ್ನ ಪ್ರತಿ ಊರಿನಲ್ಲಿ ಈ ಮಾತು ಚರ್ಚೆಯಾಗಲೆಂದು ಕೋರುತ್ತೇನೆ.