ಹೇಳಲು ಬಾರದ ಮಗುವಿನ ನೋವು
(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆಯಿಂದ ಬಂದಿರುವ ನಿಮ್ಮ ಮನೆಮಾತುಗಳು ಬೇರೆ ಬೇರೆ. ಕನ್ನಡದಲ್ಲಿ ನೋವು, ಉರ್ದುವಿನಲ್ಲಿ ದರ್ದ್, ತುಳುವಿನಲ್ಲಿ ಬೇನೆ. ಇವುಗಳಲ್ಲಿ ಯಾವ ಪದವೂ ಬಾಯಿಗೆ ಬಾರದ, ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಬಗ್ಗೆ ನಾನಿಂದು ಮಾತನಾಡುತ್ತೇನೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತ ಇಂತಹ ಮಕ್ಕಳನ್ನು ಸಾಕಿದ ಮನೆಗಳು ಹಲವು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಆರೈಕೆಯ ಭಾರ ಇಂದಿಗೂ ತಾಯಂದಿರ ಮೇಲೆಯೇ ಇದೆ.

‘ಇಂತಹ ಮಕ್ಕಳಿಗೆ ನೋವು ಗೊತ್ತಾಗುವುದಿಲ್ಲ’ ಎಂಬ ಮಾತನ್ನು ನೀವು ಕೇಳಿರಬಹುದು. ದಯವಿಟ್ಟು ನಂಬಬೇಡಿ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಹೇಳಲು ಬಾರದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದೆಂದು ಸ್ಪಷ್ಟಪಡಿಸಿದೆ. ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ, ಮೂತ್ರದ ಸೋಂಕು, ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸೊಂಟದ ಕೀಲು ಜಾರುವುದು, ಇವೆಲ್ಲ ಎಷ್ಟೋ ಸಲ ‘ಹಠ’ ಎಂಬ ಹೆಸರಿನಡಿ ಅಡಗಿಹೋಗುತ್ತವೆ. ಮಗುವಿಗೆ ಸಿಗುವುದು ಗದರಿಕೆ.

ಹಾಗಾದರೆ ತಿಳಿಯುವುದು ಹೇಗೆ? ನಗುವ, ಅಳುವ ಮುಖಗಳ ಚಿತ್ರ ತೋರಿಸಿ ಕೇಳುವ ಕ್ರಮವೊಂದಿದೆ. ನಮ್ಮ ಮಕ್ಕಳಲ್ಲಿ ಕೆಲವರು ಚಂದ ಕಂಡ ಮುಖಕ್ಕೇ ಬೆರಳಿಟ್ಟಾರು! ಆದುದರಿಂದ ನಡವಳಿಕೆಯನ್ನು ನೋಡಿ ಅಳೆಯುವ ವಿಧಾನಗಳು ಬಂದಿವೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಫ್ಲಾಕ್’ ಮಾಪನದಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ಬಗೆ ಎಂಬ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. 2006ರಲ್ಲಿ ಪ್ರಕಟವಾದ ಪರಿಷ್ಕೃತ ರೂಪ ಇಂತಹ ಮಕ್ಕಳಿಗೆಂದೇ ಆದದ್ದು. ತಮ್ಮ ಮಗುವಿನದೇ ಆದ ಗುರುತುಗಳನ್ನು ಹೆತ್ತವರು ಅದರಲ್ಲಿ ಸೇರಿಸಬಹುದು. ನನಗೆ ಮುಖ್ಯವಾಗಿ ಕಂಡದ್ದು ಇದೇ. ಒಂದು ಮಗು ನೋವಾದಾಗ ಕಿರುಚಿದರೆ ಇನ್ನೊಂದು ಸುಮ್ಮನಾಗುತ್ತದೆ, ಮತ್ತೊಂದು ನಗಲೂಬಹುದು. ಐದು ನಿಮಿಷ ನೋಡುವ ವೈದ್ಯರಿಗೆ ಇದು ಹೇಗೆ ತಿಳಿಯಬೇಕು? ತಾಯಿಗೆ ತಿಳಿದಿರುತ್ತದೆ.

ಆದುದರಿಂದ ಮನೆಗೆ ಹೋದ ಮೇಲೆ ಒಂದು ನೋಟುಪುಸ್ತಕ ತೆಗೆಯಿರಿ. ಮಗು ಆರೋಗ್ಯವಾಗಿರುವ ದಿನವೇ ಬರೆಯಿರಿ: ಎಷ್ಟು ಊಟ, ಎಷ್ಟು ನಿದ್ದೆ, ಯಾವ ಸದ್ದು, ಮೈ ಮುಟ್ಟಿದರೆ ಏನು ಮಾಡುತ್ತದೆ. ಬರೆಯಲು ಬಾರದ ತಾಯಂದಿರು ಹೇಳಲಿ, ಶಾಲೆಯಲ್ಲಿ ನಾವು ಬರೆದುಕೊಡುತ್ತೇವೆ. ಈ ಕ್ರಮ ತಪ್ಪಿದ ದಿನ ಬಾಯಿ, ಕಿವಿ, ಹೊಟ್ಟೆ, ಕೈಕಾಲುಗಳನ್ನು ಪರೀಕ್ಷಿಸಿ, ಪುಸ್ತಕದೊಂದಿಗೆ ವೈದ್ಯರಲ್ಲಿಗೆ ಹೋಗಿ. ‘ಹಠ ಮಾಡುತ್ತಾನೆ ಡಾಕ್ಟ್ರೇ’ ಎನ್ನಬೇಡಿ. ‘ಎರಡು ದಿನದಿಂದ ಬಲಗಡೆ ಮಲಗುತ್ತಿಲ್ಲ’ ಎನ್ನಿ. ಮದ್ದು ಕೊಟ್ಟ ಮೇಲೆ ಏನು ಬದಲಾಯಿತೆಂಬುದನ್ನೂ ಅದರಲ್ಲೇ ಬರೆದಿಡಿ.